ಎರಡನೇ ಗೇರಿನ ದಿಬ್ಬ

ದೊಡ್ಡಮ್ಮನ ಮನೆ ದಿಬ್ಬದ ನೆತ್ತಿಯ ಮೇಲಿದೆ. ಅಜ್ಜಿಯ ಕತೆಗಳಲ್ಲಾದರೆ ಅಷ್ಟು ಎತ್ತರದಲ್ಲಿ ರಾಕ್ಷಸನೋ, ರಾಕ್ಷಸನ ಪ್ರಾಣ ಬಚ್ಚಿಟ್ಟುಕೊಂಡ ಗಿಳಿಯೋ ಇರಬೇಕಿತ್ತು. ನಮ್ಮ ಪಾಲಿಗೆ ಅಲ್ಲಿದ್ದದ್ದು ಒಂದು ಬಾಲ್ಕನಿ, ಬಾಲ್ಕನಿಯಲ್ಲಿ ಕುರ್ಚಿ, ಕುರ್ಚಿಯಲ್ಲಿ ಅಮ್ಮನ ಅಕ್ಕ.

ಅಪ್ಪನ ಮೋಟರ್‌ಸೈಕಲ್ಲು ನನಗಿಂತ ಹಳೆಯದು. ನಾಲ್ಕು ಗೇರು. ಮೂರಕ್ಕೆ ಒಳ್ಳೆಯ ಬುದ್ಧಿ, ಎರಡನೆಯದಕ್ಕೆ ಮಾತ್ರ ಭಾರ ಕಂಡರೆ ಆಗದು. ದಿಬ್ಬ ಹತ್ತುವಾಗ ಹಿಂದೆ ಯಾರಾದರೂ ಕೂತಿದ್ದರೆ ಕಟಕ್ಕೆಂದು ಜಾರಿ ನ್ಯೂಟ್ರಲ್ಲಿಗೆ ಬಂದುಬಿಡುತ್ತದೆ. ಮೊದಲನೇ ಗೇರಿನಲ್ಲೇ ಹತ್ತಿಸೋಣವೆಂದರೆ ಅರ್ಧ ದಾರಿಯಲ್ಲೇ ಎಂಜಿನ್ನು ಕೆಂಡ. ಹಾಗಾಗಿ ಹತ್ತೊಂಬತ್ತು ವರ್ಷಗಳಿಂದ ಅಮ್ಮ ದಿಬ್ಬದ ಬುಡದ ಲೈಟುಕಂಬದ ಹತ್ತಿರ ಇಳಿಯುತ್ತಾಳೆ. ಅಪ್ಪ "ಇಳಿ" ಎನ್ನುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಅವನು ಗಾಡಿ ನಿಧಾನ ಮಾಡುತ್ತಾನೆ, ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತ ಅಮ್ಮ ಎಲೆ ಉದುರಿದಷ್ಟು ಹಗುರವಾಗಿ ಇಳಿದುಬಿಡುತ್ತಾಳೆ. ಅವಳು ಏದುಸಿರು ಬಿಡುತ್ತ ಮೇಲೆ ತಲುಪುವ ಹೊತ್ತಿಗೆ ಬಾಲ್ಕನಿಯಿಂದ ದೊಡ್ಡಮ್ಮನ ಪ್ರಶ್ನೆ ಸಿದ್ಧವಾಗಿರುತ್ತದೆ: "ಏನೇ, ಗಂಡ ಗಾಡೀಲಿ ಬಂದ, ನೀನು ನಡ್ಕೊಂಡ್ ಬಂದ್ಯಾ?"

ಈ ಸಲ ದೊಡ್ಡಮ್ಮ ಭಾನುವಾರದ ಊಟಕ್ಕೆ ಕರೆದಾಗ ಅಮ್ಮ ಸೌಟು ಕೆಳಗಿಟ್ಟಳು.

"ರೀ, ಕೇಳಿಸ್ಕೊಳ್ಳಿ. ಈ ಸಲ ನಾನು ಕೂತ್ಕೊಂಡೇ ಮೇಲೆ ಹೋಗ್ಬೇಕು. ಅಕ್ಕ ಅದನ್ನ ಕಣ್ಣಾರೆ ನೋಡ್ಬೇಕು. ಇಲ್ಲಾಂದ್ರೆ ಆ ಮನೆ ಮೆಟ್ಟಿಲು ನಾನು ಇನ್ನು ತುಳಿಯೋಳೇ ಅಲ್ಲ."

"ಅದಕ್ಕೇನು, ಹೊಸ ಗೇರ್‌ಬಾಕ್ಸ್ ಹಾಕಿಸ್ತೀನಿ."

"ಅದನ್ನ ಎಕ್ಸ್‌ಚೇಂಜಿಗೆ ಕೊಟ್ಟು ಹೊಸ ಗಾಡಿ ತನ್ನಿ."

ಅಪ್ಪ ಗಡಿಯಾರ ರಿಪೇರಿ ಮಾಡುವವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಿನವಿಡೀ ಎಳ್ಳುಕಾಳಿನಷ್ಟು ಹಲ್ಲುಚಕ್ರಗಳ ಜೊತೆ ಸಂಸಾರ ಮಾಡುವವನಿಗೆ ಹಲ್ಲಿರುವ ಯಾವ ವಸ್ತುವನ್ನೂ ಕೈಬಿಡಲು ಮನಸ್ಸಾಗದು.

"ಹಲ್ಲು ಸವೀತು ಅಂತ ಮನುಷ್ಯನ್ನೇ ಬದಲಾಯಿಸ್ತಾರೇನೇ?"

"ನಾನೂ ಅದನ್ನೇ ಯೋಚನೆ ಮಾಡ್ತಿದೀನಿ," ಎಂದಳು ಅಮ್ಮ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ.

ತೀರ್ಪಿಗಾಗಿ ಇಬ್ಬರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿಗೆ ತೀರ್ಪು ಕೊಟ್ಟು ಅಭ್ಯಾಸವಿಲ್ಲ, ಕತೆ ಹೇಳಿಯೇ ಅಭ್ಯಾಸ.

"ಒಬ್ಬ ರಾಜ ಇದ್ದ. ಅವನ ಹತ್ರ ಒಂದು ಮುದಿ ಕುದುರೆ. ಮಂತ್ರಿ ಅಂದ, ಹೊಸ ಕುದುರೆ ತರೋಣ ಪ್ರಭೂ. ಲಾಯದವನು ಅಂದ, ಇದಕ್ಕೇ ಹೊಸ ಕಾಲು ಹಾಕೋಣ."

"ಕುದುರೆಗೆ ಹೊಸ ಕಾಲಾ ಅಜ್ಜಿ?" ಎಂದೆ.

"ಕತೆ ಕಣೇ. ಹಾಕ್ತಾರೆ."

"ಆಮೇಲೆ?"

"ಆಮೇಲೇನು? ಇಬ್ಬರೂ ಜಗಳ ಆಡ್ತಾ ಕೂತ್ರು. ಕುದುರೆ ಹುಲ್ಲು ತಿಂದು ಮಲಗ್ತು. ರಾಜ ನಡ್ಕೊಂಡು ಹೋದ."

"ನೋಡಿದ್ಯಾ!" "ನೋಡಿದ್ರಾ!" ಎಂದರು ಅಪ್ಪ ಅಮ್ಮ, ಒಟ್ಟಿಗೇ.

ಮೊದಲು ಅಮ್ಮನ ಸರದಿ. ಶೋರೂಮಿನ ಟೈ ಕಟ್ಟಿದ ಹುಡುಗ ನಮ್ಮ ಗಾಡಿಗೆ ಮೂರು ಸುತ್ತು ಬಂದು, ಟ್ಯಾಂಕು ತಟ್ಟಿ, ಅನುಕಂಪದಿಂದ ಹೇಳಿದ: "ಸರ್, ಎಕ್ಸ್‌ಚೇಂಜಲ್ಲಿ ಇದಕ್ಕೊಂದು ಹೆಲ್ಮೆಟ್ ಕೊಡ್ಬೋದು."

"ಎರಡಾದ್ರೂ ಕೊಡಪ್ಪ."

"ಒಂದೇ ಸರ್. ಅದೂ ನಿಮ್ಮ ಮುಖ ನೋಡಿ."

ಅಪ್ಪನ ಕಿವಿ ಕೆಂಪಾಯಿತು. ಅಷ್ಟರಲ್ಲಿ ಅಮ್ಮ ಒಂದು ಕೆಂಪು ಗಾಡಿಯ ಹಿಂದಿನ ಸೀಟಿನಲ್ಲಿ ಕೂತಾಗಿತ್ತು, ಪುಷ್ಪಕ ವಿಮಾನ ಹತ್ತಿದವಳ ಕಳೆ ಮುಖದಲ್ಲಿ. "ಒಂದು ರೌಂಡ್ ಹೋಗ್ಬರೋಣ ಬನ್ನಿ."

ನಮ್ಮ ಗಾಡಿಯಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹೊಸದರಲ್ಲಿ ಅದು ಉಲ್ಟಾ. ಹುಡುಗ ಇದನ್ನು ಬಿಡಿಸಿ ಹೇಳಿದ. "ಗೊತ್ತಪ್ಪ, ಗೊತ್ತು," ಎಂದ ಅಪ್ಪ. ಗೊತ್ತಾದದ್ದು ತಲೆಗೆ, ಕಾಲುಗಳಿಗೆ ಯಾರೂ ಹೇಳಿರಲಿಲ್ಲ.

ಗಾಡಿ ಚೆಂದವಾಗಿಯೇ ಹೊರಟಿತು. ಎರಡನೇ ಗೇರು ಹಾಕಬೇಕಾದಾಗ ಅಪ್ಪ ಬಲಗಾಲು ಒತ್ತಿದ. ಗಾಡಿ ರಸ್ತೆಗೆ ನಮಸ್ಕಾರ ಮಾಡಿತು. ಅಮ್ಮನ ಹಣೆ ಅಪ್ಪನ ಬೆನ್ನಿಗೆ ಬಡಿಯಿತು.

"ಏನ್ರೀ ಇದು?"

"ಗೇರು ಸ್ವಲ್ಪ ಬಿಗಿ. ಹೊಸದಲ್ವಾ?"

ಇನ್ನಷ್ಟು ಜೋರಾಗಿ ಒತ್ತಿದ. ಇನ್ನೂ ದೊಡ್ಡ ನಮಸ್ಕಾರ. ಹೀಗೇ ನಮಸ್ಕಾರ ಹಾಕುತ್ತ ತಿರುವಿನವರೆಗೆ ಹೋದರು. ಅಲ್ಲಿ ನಿಜವಾಗಿಯೂ ನಿಲ್ಲಬೇಕಾಗಿ ಬಂದಾಗ ಅಪ್ಪ ಎಡಗಾಲನ್ನು ಬಲವಾಗಿ ಒತ್ತಿದ. ಗಾಡಿ ನಿಲ್ಲಲಿಲ್ಲ. ಪುಣ್ಯಕ್ಕೆ ಎದುರಿಗಿದ್ದದ್ದು ಹಾಸಿಗೆ ಅಂಗಡಿ. ಜಗಲಿಯ ಮೇಲೆ ಪೇರಿಸಿಟ್ಟ ದಿಂಬುಗಳ ಗುಡ್ಡದೊಳಗೆ ಇಬ್ಬರೂ ಮೆತ್ತಗೆ ಮಾಯವಾದರು.

ಅಂಗಡಿಯವರು ಗಾಬರಿಯಾಗಲಿಲ್ಲ. "ಗಟ್ಟಿದು ಬೇಕಾ, ಮೆತ್ತಂದು ಬೇಕಾ?" ಎಂದು ಕೇಳಿದರು.

ಅಮ್ಮ ಮರ್ಯಾದೆಗಂಜಿ ಒಂದು ದಿಂಬು ಕೊಂಡುಕೊಂಡಳು. ಗಾಡಿಯನ್ನು ತಳ್ಳಿಕೊಂಡು ಹಿಂದಿರುಗಿದಾಗ ಟೈ ಹುಡುಗ ಹೆಲ್ಮೆಟ್ಟಿನ ಮಾತನ್ನೇ ಎತ್ತಲಿಲ್ಲ.

ಹಾಗೆ ನಮ್ಮ ಹಳೇ ಗಾಡಿ ಮೆಕ್ಯಾನಿಕ್ ಹತ್ತಿರ ಹೋಯಿತು. ಅವನನ್ನು ಎಲ್ಲರೂ ಕರೆಯುವುದು ಐದ್ನಿಮಿಷದಣ್ಣ ಎಂದು. ಯಾವಾಗ ಕೇಳಿದರೂ ಅವನ ಉತ್ತರ ಅದೇ.

"ಐದು ಗೇರಿನ ಪೆಟ್ಟಿಗೆ ಬಂದಿದೆ ಸಾರ್, ಇದಕ್ಕೇ ಕೂರುತ್ತೆ. ಗೇರು ಬಲಗಾಲಿಗೇ. ನಿಮ್ಮ ಕಾಲಿಗೆ ಏನೂ ತೊಂದ್ರೆ ಇಲ್ಲ. ಐದ್ನಿಮಿಷ."

ಆ ಐದು ನಿಮಿಷ ನಾಲ್ಕು ದಿನ ನಡೆಯಿತು. ಅಪ್ಪ ಅಂಗಡಿ ಮುಚ್ಚಿ ಅಲ್ಲೇ ಸ್ಟೂಲು ಹಾಕಿಕೊಂಡು ಕೂತ. ಭೂತಗನ್ನಡಿ ಇಟ್ಟು ಒಂದೊಂದೇ ಹಲ್ಲನ್ನು ಪರೀಕ್ಷಿಸಿ, ಸೊಸೆಯನ್ನು ಒಪ್ಪಿಕೊಂಡವನಂತೆ ತಲೆಯಾಡಿಸಿದ. ಶನಿವಾರ ಸಂಜೆ ಗಾಡಿ ಗುರುಗುಡುತ್ತ ಮನೆಗೆ ಬಂತು.

"ಬಾ, ಒಂದು ಸುತ್ತು ನೋಡೋಣ," ಎಂದ ಅಪ್ಪ.

"ಸುತ್ತು ನಂಗೆ ಸಾಕಾಗಿದೆ. ನೇರವಾಗಿ ದಿಬ್ಬಕ್ಕೇ."

ಮರುದಿನ ನಾನು ಮೊದಲೇ ಬಸ್ಸು ಹಿಡಿದು ದೊಡ್ಡಮ್ಮನ ಮನೆ ಸೇರಿದೆ. ಇಬ್ಬರೂ ಬಾಲ್ಕನಿಯಲ್ಲಿ ಬಟಾಣಿ ಬಿಡಿಸುತ್ತಿದ್ದೆವು. ಮಧ್ಯಾಹ್ನದ ಬಿಸಿಲು ಟಾರನ್ನು ಕರಗಿಸುತ್ತಿತ್ತು. ಕೆಳಗಿನಿಂದ ಗಾಡಿಯ ಸದ್ದು ಕೇಳಿಸಿತು. ಕಟಕ್ ಇಲ್ಲ, ಜಾರುವುದಿಲ್ಲ, ಎಣ್ಣೆ ಧಾರೆಯಂಥ ಸದ್ದು. ನಾನು ಎದ್ದು ನಿಂತು ಇಣುಕಿದೆ. ಅಪ್ಪ ಗಾಳಿಯಲ್ಲಿ ತೇಲಿದಂತೆ ಹತ್ತಿ ಬರುತ್ತಿದ್ದ. ಕತ್ತು ಅರ್ಧ ಹಿಂದಕ್ಕೆ ತಿರುಗಿಸಿ ಕೂಗಿ ಮಾತಾಡುತ್ತಿದ್ದ.

"ಬೆಣ್ಣೆ ಕಣೇ, ಬೆಣ್ಣೆ! ನಾನ್ ಹೇಳಿರ್ಲಿಲ್ವಾ? ಈಗ ಒಪ್ಕೋತೀಯಾ? ಏನು, ಮಾತೇ ಬರ್ತಿಲ್ಲ?"

ದೊಡ್ಡಮ್ಮ ಬಟಾಣಿ ಬುಟ್ಟಿ ಬದಿಗಿಟ್ಟು ಕಣ್ಣು ಕಿರಿದು ಮಾಡಿದಳು. "ನಿಮ್ಮಪ್ಪ ಯಾರ ಹತ್ರನೇ ಮಾತಾಡ್ತಿರೋದು?"

ಹಿಂದಿನ ಸೀಟು ಖಾಲಿ. ದೂರದ ಕೆಳಗೆ, ಲೈಟುಕಂಬದ ಪಕ್ಕ, ಅಮ್ಮ ಕೈಚೀಲ ಹಿಡಿದು ನಿಂತು ತನ್ನ ಪಾದಗಳನ್ನೇ ನೋಡುತ್ತಿದ್ದಳು, ಅವು ಬೇರೆ ಯಾರದ್ದೋ ಎಂಬಂತೆ. ಗೇರು ಬದಲಿಸಲು ಅಪ್ಪ ನಿಧಾನ ಮಾಡಿದ್ದಾನೆ. ಪಾದಗಳು ತಾವಾಗಿಯೇ ಇಳಿದುಬಿಟ್ಟಿವೆ.

ಗೇಟಿನ ಮುಂದೆ ಅಪ್ಪ "ಇಳೀರಿ ಮಹಾರಾಣಿಯೋರೆ" ಎನ್ನುತ್ತ ತಿರುಗಿದ. ಸೀಟು ನೋಡಿದ. ಬಗ್ಗಿ ಗಾಡಿಯ ಕೆಳಗೂ ನೋಡಿದ.

ದೊಡ್ಡಮ್ಮ ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಅಮ್ಮನ ಕೂಗು ಬಂತು: "ಅಕ್ಕಾ! ಏನೂ ಅನ್ಬೇಡ! ಇದು ಲೆಕ್ಕಕ್ಕಿಲ್ಲ! ಒಳಗೂ ಹೋಗ್ಬೇಡ, ಅಲ್ಲೇ ಕೂತಿರು!"

ಅಪ್ಪ ಮತ್ತೆ ಕೆಳಗೆ ಹೋದ. ಈ ಸಲ ಅಮ್ಮ ತನ್ನ ಪಾದಗಳನ್ನು ನಂಬಲಿಲ್ಲ. ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಆ ಸುಡುವ ಟಾರಿಗೆ ಬರಿಗಾಲು ಇಳಿಯಲಿ ನೋಡೋಣ ಎಂಬ ಹಟ. ಅಪ್ಪನ ಸೊಂಟವನ್ನು ಎರಡೂ ಕೈಯಲ್ಲಿ ಬಿಗಿದಳು.

"ಇದೀಯಾ?"

"ಇದೀನಿ!"

ಹತ್ತು ಮಾರಿಗೊಮ್ಮೆ ಅವನು ಕೇಳಿದ, ಅವಳು ಕೂಗಿದಳು. ಎರಡೂ ಬದಿಯ ಮನೆಗಳ ಕಿಟಕಿಗಳು ತೆರೆದುಕೊಂಡವು. ಅರ್ಧ ದಿಬ್ಬ ದಾಟಿತು. ಎರಡನೇ ಗೇರು ಅಲುಗಲಿಲ್ಲ. ಅಮ್ಮ ಕಣ್ಣು ಮುಚ್ಚಿದ್ದಳು; ಗೇಟಿನ ಹತ್ತಿರ ತೆರೆದು ಮೊದಲು ಬಾಲ್ಕನಿ ನೋಡಿದಳು.

ದೊಡ್ಡಮ್ಮ ನಿಂತೇ ನೋಡುತ್ತಿದ್ದಳು. ಬಟಾಣಿ ಬುಟ್ಟಿ ಎತ್ತಿಕೊಂಡು, "ಬಾ, ಊಟ ಆರುತ್ತೆ," ಎಂದಳು.

"ತಡಿ ಅಕ್ಕ. ಈಗಷ್ಟೇ ಕೂತಿದೀನಿ."

ಕರೆದು ಕರೆದು ಸಾಕಾಗಿ ದೊಡ್ಡಮ್ಮ ತಟ್ಟೆಯನ್ನೇ ಗೇಟಿಗೆ ತಂದು ಅಮ್ಮನ ಕೈಗಿಟ್ಟಳು. ಅಮ್ಮ ಬರಿಗಾಲು ಆಡಿಸುತ್ತ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಸ್ವಲ್ಪ ಕಮ್ಮಿ," ಎಂದಳು.

"ನಾನು ಇಳೀಲಾ?" ಎಂದ ಅಪ್ಪ.

"ನೀವು ಇಳಿದ್ರೆ ಗಾಡಿ ವಾಲುತ್ತೆ. ಕೂತಿರಿ."

ಅವನು ಎರಡೂ ಕಾಲೂರಿ ಕೂತೇ ಇದ್ದ. ನಾನು ಅವನಿಗೊಂದು ತಟ್ಟೆ ತರಲು ಒಳಗೆ ಹೋದೆ.