ಗಿರಣಿಯ ಫಾಂಗ್

ಮೂವತ್ತು ವರ್ಷ ಹಾಯಿದೋಣಿ ನಡೆಸಿ ದಡ ಹತ್ತಿದ ವುಬ್ಬೆಗೆ ತಂಗಿ ಗೇಸ್ಕೆಯ ಗಾಳಿಗಿರಣಿಯಲ್ಲಿ ಕಿರಿಕಿರಿ ಮಾಡಿದ್ದು ‘ಫಾಂಗ್’ ಎಂಬ ಮಾತು. ದೋಣಿಯಲ್ಲಿ ಫಾಂಗ್ ಎಂದರೆ ಹಾಯಿಯ ಮೇಲ್ಮರ ಓಲಾಡದಂತೆ ಹಿಡಿದಿಡುವ ಹಗ್ಗ. ಇಲ್ಲಿ ಅದು ರೆಕ್ಕೆಗಳ ದೊಡ್ಡ ಚಕ್ರವನ್ನು ಅಪ್ಪಿ ನಿಲ್ಲಿಸುವ ಮರದ ಬ್ರೇಕು.

“ಕಟುಕನ್ನ ಕೇಳು, ಹಸುವಿನ ತೊಡೆಸಂದಿನ ಚರ್ಮ ಅಂತಾನೆ,” ಎಂದು ಗೇಸ್ಕೆ ನಕ್ಕಿದ್ದಳು. “ಏನಾದ್ರೂ ಅನ್ಕೋ ಅಣ್ಣ. ಈ ಹಗ್ಗ ಎಳೆದ್ರೆ ಬ್ರೇಕು ಬಿಡುತ್ತೆ, ಸಡಿಲ ಬಿಟ್ರೆ ಕಚ್ಚುತ್ತೆ. ನಡುವೆ ಮಾತ್ರ ಹಿಡ್ಕೊಂಡು ನಿಲ್ಲಬೇಡ.”

“ಹಗ್ಗದ ಪಾಠ ನನಗೇ ಹೇಳ್ತೀಯೇನೇ?”

ಒಂದು ಮಧ್ಯಾಹ್ನ ಗೋಧಿ ಬೀಸುತ್ತಿದ್ದಾಗ ಪಡುವಣ ಕಪ್ಪಿಟ್ಟಿತು. “ಅಣ್ಣ, ನಿಲ್ಸು!” ಎಂದು ಗೇಸ್ಕೆ ಒಳಗಿನಿಂದ ಕೂಗಿದಳು. ಹೊರ ಅಟ್ಟಣೆಯಲ್ಲಿದ್ದ ವುಬ್ಬೆ ಹಗ್ಗ ಸಡಿಲಿಸುತ್ತಿದ್ದಂತೆ ಬಿರುಗಾಳಿ ಅಪ್ಪಳಿಸಿತು. ಗಾಳಿ ಜೋರಾದರೆ ಹಗ್ಗ ಬಿಗಿಹಿಡಿಯುವುದು ಅವನ ಕೈಗಳ ಹಳೇ ಚಾಳಿ. ಹಿಡಿದೇಬಿಟ್ಟ. ಅರ್ಧ ಕಚ್ಚಿದ ಬ್ರೇಕು ಚಕ್ರಕ್ಕೆ ಉಜ್ಜತೊಡಗಿತು.

ಮೇಲಿನಿಂದ ಸುಟ್ಟ ಮರದ ವಾಸನೆ ಇಳಿಯಿತು. ಗಿರಣಿಯ ನೆತ್ತಿಗೆಲ್ಲ ಒಣಹುಲ್ಲಿನ ಹೊದಿಕೆ. ಒಂದು ಕಿಡಿ ಸಾಕು. ಗೇಸ್ಕೆ ಹೊರಗೋಡಿದಳು.

“ಹಗ್ಗ ಪೂರ್ತಿ ಬಿಟ್ಬಿಡ್ಲಾ?” ವುಬ್ಬೆ ಹಗ್ಗ ಹಿಡಿದೇ ಕೂಗಿದ.

“ಈ ಗಾಳೀಲಿ ನಿಲ್ಲಲ್ಲ, ಉರಿದುಹೋಗುತ್ತೆ! ಎಳಿ! ಚಕ್ರ ಓಡಲಿ!”

“ಓಡೋದಾ? ತಲೆ ಕೆಟ್ಟಿದ್ಯಾ? ರೆಕ್ಕೆ ಕಿತ್ಕೊಂಡು ಹೋಗುತ್ತೆ ಕಣೇ!”

“ಕಾಳು ಸುರಿದು ಬೀಸುಕಲ್ಲಿಗೆ ಭಾರ ಕೊಡ್ತೀನಿ, ವೇಗ ತಗ್ಗುತ್ತೆ. ಎಳಿ ಅಂದೆ!”

ಅವನು ಹಗ್ಗಕ್ಕೆ ಜೋತುಬಿದ್ದ. ರೆಕ್ಕೆಗಳು ಊಳಿಟ್ಟವು. ಗೇಸ್ಕೆ ಒಳಗೋಡಿ ಮೇಲಿನ ಕಲ್ಲನ್ನು ತಗ್ಗಿಸಿ, ಕಾಳು ಸುರಿದಳು. ಕಾಳು ಮುಗಿದು ಕಲ್ಲಿಗೆ ಕಲ್ಲು ತಾಗಿದರೆ ಅಲ್ಲೂ ಕಿಡಿಯೇ. ಉಳಿದಿದ್ದದ್ದು ಮೂರೇ ಮೂಟೆ. ಕಲ್ಲು ಒಂದನ್ನು ನುಂಗಿತು. ಎರಡು. ಹಲಗೆಗಳು ಕಾಲಡಿ ನಡುಗುತ್ತಿದ್ದವು. ಕೊನೆಯ ಮೂಟೆಯ ತಳ ಕಾಣುವ ಹೊತ್ತಿಗೆ ಗಾಳಿ ತಗ್ಗಿ ರೆಕ್ಕೆಗಳ ಊಳು ಒಂದು ಸುತ್ತು ಇಳಿದಂತಾಯಿತು.

“ಈಗ! ಕೈ ಬಿಡು!”

ವುಬ್ಬೆ ಎರಡೂ ಅಂಗೈ ಬಿಚ್ಚಿದ. ಗಿರಣಿ ಮುಲುಗಿ, ಜಗ್ಗಿ, ನಿಂತಿತು.

ಇಬ್ಬರೂ ಬಕೆಟ್ ನೀರು ಹೊತ್ತು ನೆತ್ತಿಗೆ ಹತ್ತಿದರು. ಹೊಗೆಯಿತ್ತು, ಬೆಂಕಿ ಕಾಣಲಿಲ್ಲ. ಬ್ರೇಕಿನ ಕರಿಗಟ್ಟಿದ ಮರದ ತುಂಡುಗಳ ಮೇಲೆ ನೀರು ಸುರಿದರೂ ಗೇಸ್ಕೆಗೆ ಸಮಾಧಾನವಿಲ್ಲ. ಮರದೊಳಗಿನ ಕೆಂಡ ಯಾವಾಗ ಕಣ್ಣು ಬಿಡುತ್ತದೋ ಯಾರು ಬಲ್ಲರು?

“ಇಳಿಯೋಣ್ವಾ?” ಎಂದ ವುಬ್ಬೆ, ಮೆಲ್ಲಗೆ.

“ಎಲ್ಲಾ ತಣ್ಣಗಾಗ್ಲಿ. ಅಲ್ಲಿವರೆಗೂ ಇಲ್ಲೇ.”

ಅವನು ಪಕ್ಕದಲ್ಲಿ ಕೂತು, ತರಚಿದ ಅಂಗೈಯಿಂದ ಒಂದೊಂದೇ ತುಂಡನ್ನು ಮುಟ್ಟಿ ನೋಡತೊಡಗಿದ.

“ಇದಿನ್ನೂ ಬಿಸಿ ಇದೆ ಕಣೇ,” ಎಂದ ಕೊನೆಯದನ್ನು ಮುಟ್ಟಿ. ಗೇಸ್ಕೆ ಬಕೆಟ್ ಹತ್ತಿರಕ್ಕೆ ಸರಿಸಿದಳು.