ಸೀತಜ್ಜಿ ತಿಂದ ಒಂದೇ ವೀಳ್ಯ

ನಾವುಂದದ ಸೀತಜ್ಜಿಯ ಬಾಯಿ ಕೆಂಪಾದುದನ್ನು ಕಂಡವರೇ ಇರಲಿಲ್ಲ. ಅವಳೊಡನೆ ಮೀನುಬುಟ್ಟಿ ಹೊತ್ತು ತಿರುಗಿದ ಓರಗೆಯ ಹೆಂಗಸರೆಲ್ಲ ಎಲೆಯಡಿಕೆಗೆ ಜೀವ ಬಿಡುತ್ತಿದ್ದರೆ, ಎಪ್ಪತ್ತಮೂರರ ಈಕೆ ಮಾತ್ರ ಬೆಳ್ಳನೆಯ ಹಲ್ಲು ತೋರಿಸಿ ನಗುತ್ತಿದ್ದಳು. ಯಾರಾದರೂ ವೀಳ್ಯ ಚಾಚಿದರೆ ಕೈ ಹಿಂದಕ್ಕೆ ಹೋಗುತ್ತಿತ್ತು. "ಬ್ಯಾಡ ಮಾರಾಯ್ತಿ, ಒಂದ್ ಸಲ ಕಂಡದ್ದೇ ಸಾಕಾಯ್ತ್" ಎನ್ನುತ್ತಿದ್ದಳು.

ಆ ಒಂದು ಸಲ ಎಂದರೆ ಅವಳ ಹದಿನೈದನೆಯ ವರ್ಷ. ಚಾವಡಿಯಲ್ಲಿ ಹಿರಿಯರು ವೀಳ್ಯ ಬದಲಿಸಿಕೊಂಡರು, ಒಳಗಿದ್ದ ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಐತನನ್ನು ಕುತ್ತಿಗೆಗೆ ಕಟ್ಟಿದರು ಎಂದು ಊರು ಆಡಿಕೊಂಡಿತು. ಈ ಮಾತು ತಾಳಿಯಿಂದ ಬಂದದ್ದೆಂದು ಓದಿದವರು ಹೇಳಿದರೆ ಸೀತಜ್ಜಿ ಸುತರಾಂ ಒಪ್ಪಳು. ಬೇಲಿ ಹಾರುವ ದನದ ಕುತ್ತಿಗೆಗೆ ಮರದ ತುಂಡು ಕಟ್ಟುತ್ತಾರಲ್ಲ, ಓಡಹೋದರೆ ಅದು ಮೊಣಕಾಲಿಗೆ ಬಡಿಯುತ್ತದಲ್ಲ, ಮಾತು ಹುಟ್ಟಿದ್ದು ಅಲ್ಲೇ ಎಂಬುದು ಅವಳ ವಾದ. ಅವಳ ಗಿಡ್ಡ ಗಿಡ್ಡ ಹೆಜ್ಜೆಯನ್ನು ನೋಡಿದವರಿಗೆ ಈ ವಾದವೇ ಸರಿಯೆನಿಸುತ್ತಿತ್ತು. ಹಾಗೆಂದು ತೀರಿಹೋದ ಗಂಡನನ್ನು ಅವಳು ಎಂದೂ ದೂರಿದವಳಲ್ಲ.

"ಅವ ಪಾಪ. ಮರದ್ ತುಂಡ್ ಎಂತ ತಪ್ಪ್ ಮಾಡಿತ್ತ್? ಅದ್ನೂ ಯಾರೋ ಕಟ್ಟಿದ್ದೇ ಅಲ್ದಾ?"

ಕಳೆದ ವರ್ಷ ಅವಳ ಮಗ ಗೋವರ್ಧನ, ನರ್ಸಿಂಗ್ ಕೊನೆಯ ವರ್ಷದಲ್ಲಿದ್ದ ತನ್ನ ಮಗಳು ಪ್ರೇಕ್ಷಾಳನ್ನು ಹಂಗಾರಕಟ್ಟೆಯ ದೋಣಿ ಕಟ್ಟುವವರ ಮನೆಯ ವಿಶಾಲನಿಗೆ ಗೊತ್ತುಮಾಡಿದ. ಹುಡುಗಿ ಬೇಡವೆಂದಳು, ಅತ್ತಳು, ಅನ್ನ ಬಿಟ್ಟಳು. ಸೀತಜ್ಜಿ ಬುದ್ಧಿ ಹೇಳಹೋದರೆ ಮಗ ಕೇಳಲಿಲ್ಲ. "ಮಾತ್ ಕೊಟ್ಟಾಯ್ತ್ ಅಮ್ಮ, ಇನ್ನ್ ಮುಖ ಎಲ್ಲಿ ಇಡುದ್?" ಎಂದುಬಿಟ್ಟ.

ನಿಶ್ಚಯದ ದಿನ ಬಂತು. ವೀಳ್ಯದ ಹರಿವಾಣವನ್ನು ಗಂಡಿನವರಿಗೆ ಒಪ್ಪಿಸಬೇಕಾದವಳು ಮನೆಯ ಹಿರಿಯಳು, ಎಂದರೆ ಸೀತಜ್ಜಿಯೇ. ಊರಿನ ಯಜಮಾನರಾದ ಗುರಿಕಾರರು "ಸೀತಕ್ಕ, ಕೊಡಿ ಕಾಂಬ" ಎಂದರು. ಅಂದು ತನ್ನ ತಾಯಿಯ ಕೈ ಚಾಚಿದಂತೆ ಇಂದು ತನ್ನ ಕೈಯೂ ತಾನಾಗಿ ಚಾಚೀತೇ ಎಂದು ಅವಳಿಗೆ ತನ್ನ ಕೈಯ ಮೇಲೆಯೇ ಭಯವಾಯಿತು. ಆ ಕೈ ಒಂದು ಎಲೆ ಎತ್ತಿತು, ತೊಟ್ಟು ಮುರಿಯಿತು, ಸುಣ್ಣ ಬಳಿಯಿತು, ಅಡಿಕೆಯಿಟ್ಟು ಮಡಚಿ ಸೀದಾ ಬಾಯಿಗೆ ಹಾಕಿತು.

"ಅಮ್ಮ, ಎಂತ ಮಾಡ್ದೆ?" ಗೋವರ್ಧನ ಹರಿವಾಣದತ್ತ ಧಾವಿಸಿದ. ಕೊಡುವ ಮುನ್ನ ಹರಿವಾಣದ ಎಲೆ ಮುರಿದರೆ ಅದೇ ದಿನ ಮತ್ತೆ ವೀಳ್ಯ ಕೊಡುವಂತಿಲ್ಲ ಎಂಬುದು ಆ ಮನೆತನದ ಕಟ್ಟುಪಾಡು.

"ಕೊಡುಕಿದ್ದದ್ ತಿಂದಾಯ್ತ್. ಈಗಾರೂ ಹೆಣ್ಣಿನ್ ಹತ್ರ ಒಂದ್ ಮಾತ್ ಕೇಣಿ."

ಗುರಿಕಾರರು ಪ್ರೇಕ್ಷಾಳನ್ನು ಕರೆದು ಕೇಳಿದರು. "ನಂಗೆ ಈ ಮದಿ ಬ್ಯಾಡ" ಎಂದಳು ಅವಳು, ಎಲ್ಲರಿಗೂ ಕೇಳುವಂತೆ. ಅಷ್ಟು ಹೊತ್ತು ನೆಲ ನೋಡುತ್ತಿದ್ದ ವಿಶಾಲ ಅಂಗಿಯ ಮೇಲಿನ ಗುಂಡಿ ಬಿಚ್ಚಿ ದೊಡ್ಡದಾಗಿ ಉಸಿರುಬಿಟ್ಟ. "ನನ್ ಹತ್ರವೂ ಯಾರೂ ಕೇಣ್ಲಿಲ್ಲ" ಎಂದ. ಗುರಿಕಾರರಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕ ಮೇಲೆ ಗಂಡಿನವರ ಬಿಗಿದ ಮುಖವೂ ಸಡಿಲಾಯಿತು. ಗೋವರ್ಧನ ಕೊನೆಗೆ, "ಅಡುಗೆ ಆಯಿತ್, ಉಂಡ್ಕಂಡೇ ಹೋಯ್ನಿ" ಎಂದು ಎಲೆ ಹಾಕಿಸಿದ.

ಅಭ್ಯಾಸವಿಲ್ಲದ ಕೈ ಬಳಿದ ಸುಣ್ಣ ಹೆಚ್ಚಾಗಿ ಬಾಯಿ ಬೆಂದು, ಸೀತಜ್ಜಿ ಎರಡು ದಿನ ಗಂಜಿ ತಿಳಿಯಲ್ಲೇ ಕಳೆದಳು. ಕೆಂಪಾದ ತುಟಿಯನ್ನು ಮಾತ್ರ ಬಂದವರಿಗೆಲ್ಲ ತೋರಿಸಿದಳು.

ನಾವು ಹೊತ್ತದ್ದನ್ನು ಮಕ್ಕಳೂ ಹೊರಲಿ ಎನ್ನುವ ಹಿರಿಯರು ಯಾವ ಊರಲ್ಲೂ ಸಿಗುತ್ತಾರೆ. ನನ್ನ ಕುತ್ತಿಗೆಗೆ ಕಟ್ಟಿದ್ದು ನನ್ನೊಡನೆಯೇ ಮುಗಿಯಲಿ ಎನ್ನುವವರು ಎಲ್ಲೋ ಒಬ್ಬರು. ಅಂಥವಳೊಬ್ಬಳು ಮನೆಯಲ್ಲಿದ್ದರೆ ಸಾಕು, ಆ ಮನೆಯ ಹೆಣ್ಣುಮಕ್ಕಳು ದೊಡ್ಡ ದೊಡ್ಡ ಹೆಜ್ಜೆ ಹಾಕಿ ನಡೆಯುತ್ತಾರೆ.