ತೊಟ್ಟಿಲ ಕಬ್ಬಿಣ

"ಕೊಡವ್ಲೇ ಮಡಿಲ್ನ. ಏನ್ ಬಸುರಿ ಅಂಗೆ ಮುಚ್ಕಂತೀಯ?"

ಬಂಗಾರಪೇಟೆಯ ಆ ಗುಜರಿ ಅಂಗಳದಲ್ಲಿ ಕಬ್ಬಿಣ, ಸೀಸ, ತಾಮ್ರ ಬೇರೆ ಮಾಡುವ ಹೆಂಗಸರು ಸಂಜೆಯಾದರೆ ಗೇಟಿನಲ್ಲಿ ಸಾಲಾಗಿ ನಿಂತು ಸೆರಗು ಕೊಡವಬೇಕಿತ್ತು. ಜಾಲಾಡುವವನು ಮೇಸ್ತ್ರಿ ಮುನಿರಾಜು. ಸೊಣ್ಣಮ್ಮ ಕೊಡವಿದಳು. ತುಕ್ಕು ಉದುರಿತು. ಅವನ ಕೈ ಇನ್ನೂ ಸ್ವಲ್ಪ ಹೊತ್ತು ಅವಳ ಸೊಂಟದ ಸುತ್ತ ಹುಡುಕಿತು.

"ಮುದುಕಿ ಮೈಯಾಗೆ ಎಲ್ಲಿ ಮಡಗವ್ಳೋ ಬಂಗಾರ."

"ಬಂಗಾರ ಮೈನ್ಸಾಗೇ ಮುಗೀತು ಕಣಪ್ಪ. ನನ್ ಗಂಡನ್ ಎದೆಯಾಗೆ ಬರೀ ಧೂಳಿತ್ತು, ಅದ್ನೂ ಸುಟ್ಬಿಟ್ರು."

ಹಿಂದಿನ ಹೆಂಗಸರು ನಕ್ಕರು. ತುರುಬನ್ನು ಮಾತ್ರ ಅವನು ಮುಟ್ಟಲಿಲ್ಲ. ಕಿರುಬೆರಳಷ್ಟು ಉಕ್ಕಿನ ತುಂಡು ಅಲ್ಲಿತ್ತು.

ಅದು ಇದ್ದದ್ದು ಗುಜರಿಗೆ ಬಂದ ದಪ್ಪನೆಯ ಸೀಸದ ಗಡಿಗೆಯೊಳಗೆ. ಗಡಿಗೆಯ ಮೇಲೆ ಹಳದಿ ಬಣ್ಣ, ಮೂರು ಕಪ್ಪು ರೆಕ್ಕೆಯ ಗುರುತು. ಕೊಯ್ಯಿಸುವ ಮುಂಚೆ ಮಾಲೀಕ ನಂದಕುಮಾರ್ ಅವಳ ಕೈಗೆ ತಂತಿ ಬ್ರಷ್ ಕೊಟ್ಟಿದ್ದ. "ಉಜ್ಜು. ಹಳದಿ ಚೂರೂ ಕಾಣ್ಬಾರ್ದು." ಉಜ್ಜಿದ್ದಳು. ಕೊಯ್ದಾಗ ಒಳಗಿಂದ ಉದುರಿದ ತುಂಡನ್ನು ಯಾರಿಗೂ ಕಾಣದಂತೆ ತುರುಬಿಗೆ ಸಿಕ್ಕಿಸಿದ್ದಳು.

ಸೊಸೆ ಅಂಬಿಕ ಹೆತ್ತು ಹದಿನೈದು ದಿನವಾಗಿತ್ತು. ತೊಟ್ಟಿಲಲ್ಲಿ ಕಬ್ಬಿಣ ಇಟ್ಟರೆ ಮಗುವಿಗೆ ಗಾಳಿ ಸೋಕುವುದಿಲ್ಲ. ಬೇರೆಯವರು ಕುಡುಗೋಲಿನ ಚೂರೋ ಮೊಳೆಯೋ ಇಡುತ್ತಾರೆ. ಮೊಮ್ಮಗನ ಮೈಗೆ ತುಕ್ಕು ತಾಗಬಾರದೆಂದು ಸೊಣ್ಣಮ್ಮ ಬೆಳ್ಳಿಯಂತೆ ಹೊಳೆಯುವ ಇದನ್ನು ಆರಿಸಿದ್ದಳು. ಉರಿಗಾಂನ ಗಣಿ ಕೂಲಿಗಳ ಲೈನಿನ ಮನೆಗೆ ಬಂದವಳೇ ತೊಟ್ಟಿಲ ಬಟ್ಟೆಯ ಮಡಿಕೆಯಲ್ಲಿ ಸೇರಿಸಿದಳು.

ಕೆಲವೇ ದಿನಕ್ಕೆ ಮಗುವಿನ ನೆತ್ತಿ ಕೆಂಪಾಯಿತು. ಆಮೇಲೆ ವಾಂತಿ. ಕೂದಲು ಬಟ್ಟೆಗೆ ಅಂಟಿಕೊಂಡು ಬರತೊಡಗಿತು. ಗಾಳಿ ಜೋರಾಗಿದೆ ಎಂದುಕೊಂಡ ಸೊಣ್ಣಮ್ಮ ಕಬ್ಬಿಣವನ್ನು ತಲೆಯ ಹತ್ತಿರಕ್ಕೆ ಸರಿಸಿದಳು. ಹುಣ್ಣು ಹೆಚ್ಚಾದ ಹಾಗೆಲ್ಲ ಇನ್ನೂ ಹತ್ತಿರಕ್ಕೆ.

"ತಲೆ ಹತ್ತಿರ ಏನಾದರೂ ಇಟ್ಟಿದ್ದಿರಾ?" ಆಸ್ಪತ್ರೆಯ ಡಾಕ್ಟರು ಕೇಳಿದರು.

ಇಟ್ಟಿದ್ದೆ ಎಂದರೆ ಎಲ್ಲಿಂದ ತಂದೆ ಎನ್ನುತ್ತಾರೆ. ಅಲ್ಲಿಗೆ ಕೆಲಸ ಹೋಯಿತು.

"ಏನಿಲ್ಲ ಸಾ," ಅಂದಳು ಸೊಣ್ಣಮ್ಮ. ಅತ್ತೆ ಸೊಸೆ ಮುಲಾಮು ಹಿಡಿದು ಮಗುವಿನೊಂದಿಗೆ ಮನೆಗೆ ಮರಳಿದರು.

ಕಳೆದುಹೋದ ಸೀಸದ ಗಡಿಗೆಯೊಂದನ್ನು ಹುಡುಕುತ್ತ ಮರುದಿನ ಅಂಗಳಕ್ಕೆ ಸರ್ಕಾರಿ ಜೀಪು ಬಂತು. ಇಳಿದವರ ಕೈಯಲ್ಲೊಂದು ಡಬ್ಬಿ. ಗಡಿಗೆ ಕೊಯ್ದ ಜಾಗಕ್ಕೆ ಒಯ್ದರೆ ಅದು ಕಟಕಟ ಹಲ್ಲು ಕಡಿಯತೊಡಗಿತು.

"ಬೆರಳಷ್ಟು ಉಕ್ಕಿನ ತುಂಡು," ಮುಖಗವಸಿನವನು ಹೇಳಿದ. "ಅದರ ಕಿರಣ ಕಣ್ಣಿಗೆ ಕಾಣಲ್ಲ. ಮೈಯನ್ನ ಒಳಗಿಂದ ಸುಡುತ್ತೆ. ಯಾರಾದರೂ ನೋಡಿದ್ದೀರಾ?"

"ಅಂಥದ್ದು ನಮ್ಮಲ್ಲಿಗೆ ಬಂದೇ ಇಲ್ಲ ಸಾರ್," ಅಂದ ನಂದಕುಮಾರ್.

ಸೊಣ್ಣಮ್ಮ ತನ್ನ ಬೆರಳ ತುದಿ ನೋಡಿಕೊಂಡಳು. ಸಿಪ್ಪೆ ಎದ್ದಿತ್ತು. ಹೇಳಬೇಕೆಂದು ಬಾಯಿ ತೆರೆದಳು. ಮಾಲೀಕನನ್ನು ಕಂಡು ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಜೀಪು ನಾಳೆ ಬರುತ್ತೇವೆಂದು ಹೋಯಿತು.

ನಂದಕುಮಾರ್ ಹೆಂಗಸರನ್ನೆಲ್ಲ ಶೆಡ್ಡಿನ ಹಿಂದೆ ಕರೆದ. "ಯಾವ ದೊಂಗ ಮುಂಡೆ ತಗೊಂಡೋಗಿದೀಯೋ, ಕೋರಮಂಡಲ್‌ನ ಹಳೇ ಗಣಿ ಶಾಫ್ಟಿಗೆ ಎಸೆದ್ಬಿಡು. ಬಾಯ್ಬಿಟ್ರೆ ಕಳ್ಳಿ ಅಂತ ಒಳಗಾಕಿಸ್ತೀನಿ."

ಮನೆ ಸೇರಿದವಳು ಹೊಸಿಲಲ್ಲೇ ನಿಂತು ಕೂಗಿದಳು. "ಅಂಬಿಕಾ, ಮಗೀನ್ ಎತ್ಕಂಡು ಆಚೆ ಬಾ. ದೂರ ಓಗು. ಇನ್ನೂ ದೂರ."

ತುಂಡನ್ನು ಇಕ್ಕಳದಲ್ಲಿ ಹಿಡಿದು ಲೈನಿನ ಆಚೆ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದಲ್ಲಿ ಹೂತು ಬಂದು ಎಲ್ಲ ಹೇಳಿದಳು. ಅಂಬಿಕ ಅಳಲಿಲ್ಲ.

"ಡಾಕ್ಟ್ರು ಕೇಳ್ದಾಗ ಏನಿಲ್ಲ ಅಂದ್ಯಲ್ಲತ್ತೆ."

"ಊಂ."

"ನಾನೂ ಪಕ್ಕದಾಗೇ ನಿಂತಿದ್ದೆ."

"ಈಗ್ಲೇ ಓಗಿ ಯೋಳು ಅವ್ರಿಗೆ. ನಡಿ, ನಾನೂ ಬತ್ತೀನಿ."

"ನೀನ್ ಬರ್ಬ್ಯಾಡ. ಮಗೀನ ಮುಟ್ಬ್ಯಾಡ."

ಸೆರಗಿನಲ್ಲಿ ಮಗುವಿನ ತಲೆ ಮುಚ್ಚಿಕೊಂಡು ಅಂಬಿಕ ಆಸ್ಪತ್ರೆಯ ಕಡೆ ಓಡಿದಳು.

ಬೆಳಕು ಹರಿಯುವಾಗ ಸೊಣ್ಣಮ್ಮ ದಿಬ್ಬ ಅಗೆದು ತುಂಡನ್ನು ಮಡಿಲಿಗೆ ಹಾಕಿಕೊಂಡಳು. ರೈಲು ಹತ್ತಲಿಲ್ಲ, ರೈಲಿನಲ್ಲಿ ಮಕ್ಕಳಿರುತ್ತವೆ. ಹಳಿಯ ಪಕ್ಕದಲ್ಲೇ ನಡೆದಳು. ಕೋರಮಂಡಲ್‌ನಲ್ಲಿ ಶಾಫ್ಟಿನ ಬಾಯಿಗೆ ಹೋಗಿ ಬಗ್ಗಿ ನೋಡಿದಳು. ಕೆಳಗೆಲ್ಲೋ ನೀರು ಮಿನುಗಿತು. ಆ ನೀರು ಯಾರ ಬೋರಿಗೆ ಹೋಗುತ್ತದೋ ಅವಳಿಗೆ ತಿಳಿಯದು. ಮಡಿಲು ಬಿಗಿ ಮಾಡಿಕೊಂಡು ಮತ್ತೆ ನಡೆದಳು.

ಬಂಗಾರಪೇಟೆಯ ಅಂಗಳದ ಗೇಟು ತೆರೆಯುವ ಹೊತ್ತಿಗೆ ಅಡ್ಡಲಾಗಿ ಕೂತಿದ್ದಳು. "ಅತ್ರ ಬರ್ಬ್ಯಾಡ್ರಮ್ಮಾ," ಎಂದು ಕೆಲಸಕ್ಕೆ ಬಂದ ಹೆಂಗಸರನ್ನು ರಸ್ತೆಯ ಆಚೆಗೇ ನಿಲ್ಲಿಸಿದಳು. ಆಮೇಲೆ ಕರೆದಳು.

"ಮುನಿರಾಜಣ್ಣಾ, ಬಾ. ಮಡಿಲ್ ನೋಡು."

ಮುನಿರಾಜು ಗೋಡೆಗೆ ಬೆನ್ನು ಹಚ್ಚಿದ. ಕಾರಿನಿಂದ ಇಳಿದ ನಂದಕುಮಾರ್ ಬಾಗಿಲು ಹಿಡಿದೇ ನಿಂತ.

"ಅಮ್ಮಾ, ಅದನ್ನ ಅಲ್ಲಿಟ್ಟು ಬಾರಮ್ಮ, ಮಾತಾಡೋಣ."

"ಡಬ್ಬಿಯೋರು ಬರ್ಲಿ. ಹಳದಿ ಉಜ್ಜಿಸ್ದೋನು ನೀನು ಅಂತ ಯೋಳ್ತೀನಿ. ಉಜ್ಜಿದೋಳು ನಾನು, ಕದ್ದೋಳೂ ನಾನು. ತೊಟ್ಲಾಗೆ ಇಟ್ಟೋಳೂ ನಾನೇ. ಒಂದೂ ಬಿಡಾಕಿಲ್ಲ."

ತಿರುವಿನಲ್ಲಿ ಜೀಪು ಕಾಣಿಸಿತು. ಇಳಿದವನ ಕೈಯ ಡಬ್ಬಿ ದೂರದಿಂದಲೇ ಕಟಕಟ ಶುರು ಮಾಡಿತು. ಮಗುವಿಗೆ ನೀರು ಹಾಕಲು ಕೂರುವ ಹಾಗೆ ಸೊಣ್ಣಮ್ಮ ಎರಡೂ ಕಾಲು ಚಾಚಿ, ಮಡಿಲ ಮೇಲೆ ಕೈಯಿಟ್ಟು ಕೂತಿದ್ದಳು.